ತೊಳೆದ ನಂತರದ ಥ್ರಾಟಲ್ ದೋಷ (ಮೋಟಾರ್‌ಸೈಕಲ್)

ಮೋಟಾರ್‌ಸೈಕಲ್ ತೊಳೆದ ಬಳಿಕ ಅದರ ಥ್ರಾಟಲ್ ಹಿಡಿ ಬಿಗಿಯಾಗುವುದು, ತಿರುಗಿಸಿದಲ್ಲಿಯೇ ನಿಲ್ಲುವುದು ಅಥವಾ ತಿರುಗಿಸಿದರೂ ಎಂಜಿನ್ ಸರಿಯಾಗಿ ಸ್ಪಂದಿಸದಿರುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಥ್ರಾಟಲ್ ಎಂಬುದು ಎಂಜಿನ್ ಒಳಸೇರುವ ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಕವಾಟ. ಆಡುಮಾತಿನಲ್ಲಿ ಇದರ ಹಿಡಿಯನ್ನು 'ಎಕ್ಸಲೇಟರ್' ಎನ್ನುತ್ತಾರೆ. ಕೈಬಿಟ್ಟ ಕೂಡಲೇ ತಾನಾಗಿ ಹಿಂದಿರುಗದ ಥ್ರಾಟಲ್ ಅಪಘಾತಕ್ಕೆ ಕಾರಣವಾಗಬಲ್ಲದು.

ಹಿನ್ನೆಲೆ

ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳು ಭದ್ರಾ ನಾಲೆಯ ಅಚ್ಚುಕಟ್ಟಿಗೆ ಸೇರಿವೆ. ಇಲ್ಲಿನ ಎರೆಮಣ್ಣು ಒದ್ದೆಯಾದಾಗ ಅಂಟಿಕೊಂಡು, ಒಣಗಿದಾಗ ಗಟ್ಟಿಯಾಗುತ್ತದೆ. ಗದ್ದೆಯ ಕೆಸರನ್ನು ತೆಗೆಯಲು ವಾಟರ್ ಸರ್ವಿಸ್ ಕೇಂದ್ರಗಳಲ್ಲಿ ಒತ್ತಡದ ನೀರನ್ನು ಬಳಸುತ್ತಾರೆ. ಆಯುಧ ಪೂಜೆಯ ಮುನ್ನಾದಿನಗಳಲ್ಲಿ ವಾಹನಗಳನ್ನು ತೊಳೆಯುವುದು ರೂಢಿ. ಒತ್ತಡದ ನೀರು ಮಣ್ಣಿನ ಕಣಗಳನ್ನು ಹೊರಗೆ ತಳ್ಳುವಂತೆಯೇ ಸಂದುಗಳ ಒಳಕ್ಕೂ ನೂಕುತ್ತದೆ.

ಕಾರಣಗಳು

ದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಯಾಂತ್ರಿಕ ದೋಷ: ಹಿಡಿಯ ಕೊಳವೆ ಮತ್ತು ಹ್ಯಾಂಡಲ್ ನಡುವೆ, ಇಲ್ಲವೇ ಕೇಬಲ್‌ನ ಹೊರಕವಚದೊಳಗೆ ನೀರು ಹಾಗೂ ಮಣ್ಣು ಸೇರುತ್ತದೆ. ಇದ್ದ ಎಣ್ಣೆ ತೊಳೆದುಹೋಗಿ ಘರ್ಷಣೆ ಹೆಚ್ಚುತ್ತದೆ. ಕೆಲವು ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂತಹ ಹಳೆಯ ವಾಹನಗಳಲ್ಲಿ ಕೇಬಲ್ ನೇರವಾಗಿ ಕಾರ್ಬುರೇಟರ್‌ನ ಜಾರುಕವಾಟವನ್ನು ಮೇಲೆತ್ತುತ್ತದೆ. ಅಲ್ಲಿ ಸೇರಿದ ಮರಳು ಕವಾಟವನ್ನು ತೆರೆದ ಸ್ಥಿತಿಯಲ್ಲಿಯೇ ಹಿಡಿದಿಡಬಹುದು.

ಸ್ಪಂದನೆಯ ದೋಷ: ಹಿಡಿ ಸರಾಗವಾಗಿ ತಿರುಗಿದರೂ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ ಅಥವಾ ನಿಂತುಹೋಗುತ್ತದೆ. ಸ್ಪಾರ್ಕ್ ಪ್ಲಗ್‌ನ ಟೋಪಿಯೊಳಗಿನ ತೇವ, ನೆನೆದ ಏರ್ ಫಿಲ್ಟರ್ ಮತ್ತು ಇಂಧನದೊಂದಿಗೆ ಬೆರೆತ ನೀರು ಮುಖ್ಯ ಕಾರಣಗಳು. 2020ರ ಏಪ್ರಿಲ್ 1ರಂದು ಬಿಎಸ್-6 ಮಾನದಂಡ ಜಾರಿಯಾದ ನಂತರ ಫ್ಯೂಯಲ್ ಇಂಜೆಕ್ಷನ್ ವ್ಯಾಪಕವಾಯಿತು. ಇಂತಹ ವಾಹನಗಳಲ್ಲಿ ಥ್ರಾಟಲ್ ಸ್ಥಾನವನ್ನು ಅಳೆಯುವ ಸೆನ್ಸರ್‌ನ ಕನೆಕ್ಟರ್ ಒದ್ದೆಯಾದರೆ ನಿಯಂತ್ರಣ ಘಟಕಕ್ಕೆ ತಪ್ಪು ಸಂಕೇತ ಹೋಗುತ್ತದೆ. ಎಚ್ಚರಿಕೆಯ ದೀಪವೂ ಉರಿಯಬಹುದು.

ಪರೀಕ್ಷಾ ಕ್ರಮ

1. ಎಂಜಿನ್ ಆರಿಸಿ, ಹ್ಯಾಂಡಲ್ ಅನ್ನು ನೇರವಾಗಿ, ಪೂರ್ತಿ ಎಡಕ್ಕೆ ಮತ್ತು ಪೂರ್ತಿ ಬಲಕ್ಕೆ ಇರಿಸಿ, ಪ್ರತಿ ಸ್ಥಾನದಲ್ಲಿಯೂ ಥ್ರಾಟಲ್ ತಿರುಗಿಸಿ ಬಿಡಬೇಕು. ಅದು ತಟ್ಟನೆ ಹಿಂದಿರುಗಬೇಕು.
2. ಹಿಂದಿರುಗದಿದ್ದರೆ ಹಿಡಿಯ ಬದಿಯಲ್ಲಿ ಕೇಬಲ್ ಬಿಚ್ಚಿ, ಹಿಡಿಯನ್ನು ಮಾತ್ರ ತಿರುಗಿಸಿ ನೋಡಬೇಕು. ಆಗಲೂ ಬಿಗಿಯಿದ್ದರೆ ದೋಷ ಹಿಡಿಯಲ್ಲಿದೆ. ಸಡಿಲವಾಗಿದ್ದರೆ ಕೇಬಲ್ ಅಥವಾ ಕವಾಟದಲ್ಲಿದೆ.
3. ಹಿಡಿಯನ್ನು ಬಿಚ್ಚಿ ಒರೆಸಿ ಒಣಗಿಸಬೇಕು. ಕೇಬಲ್‌ಗೆ ತೆಳುವಾದ ಎಣ್ಣೆ ಬಿಡಬಹುದು. ಒಳಪದರವಿರುವ ಕೆಲವು ಕೇಬಲ್‌ಗಳಿಗೆ ಎಣ್ಣೆ ಬೇಕಾಗಿಲ್ಲವಾದ್ದರಿಂದ ವಾಹನದ ಕೈಪಿಡಿಯನ್ನು ನೋಡಬೇಕು. ಎಳೆಗಳು ಹರಿದಿದ್ದರೆ ಕೇಬಲ್ ಬದಲಿಸುವುದೇ ಪರಿಹಾರ.
4. ಹಿಡಿ ಸರಿಯಿದ್ದರೆ ಪ್ಲಗ್ ಟೋಪಿ, ಏರ್ ಫಿಲ್ಟರ್ ಮತ್ತು ಕನೆಕ್ಟರ್‌ಗಳನ್ನು ಒಣಗಿಸಬೇಕು.
5. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ಕಾರ್ಬುರೇಟರ್ ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ಎಂಜಿನ್ ತಣ್ಣಗಾದ ಮೇಲೆ, ಬೆಂಕಿಯಿಂದ ದೂರದಲ್ಲಿ, ಕೆಳಗಿನ ಸ್ಕ್ರೂ ಸಡಿಲಿಸಿ ಅದನ್ನು ಪಾತ್ರೆಗೆ ಹರಿಸಬಹುದು.

ಸುರಕ್ಷತೆ

ಎರಡೂ ನಗರಗಳ ಪಕ್ಕದಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಂತಹ ವೇಗದ ರಸ್ತೆಯಲ್ಲಿ ಥ್ರಾಟಲ್ ಸಿಲುಕಿದರೆ ಕ್ಲಚ್ ಹಿಡಿದು, ಎಂಜಿನ್ ಆರಿಸುವ ಸ್ವಿಚ್ ಒತ್ತಿ, ಎರಡೂ ಬ್ರೇಕ್‌ಗಳನ್ನು ಕ್ರಮವಾಗಿ ಬಳಸಿ ರಸ್ತೆಯ ಅಂಚಿಗೆ ಬರಬೇಕು. ಅಂತಹ ಸ್ವಿಚ್ ಇಲ್ಲದ ವಾಹನಗಳಲ್ಲಿ ಕೀಲಿ ತಿರುಗಿಸಬಹುದು. ಆದರೆ ಅದು ಹ್ಯಾಂಡಲ್ ಲಾಕ್ ಸ್ಥಾನಕ್ಕೆ ಹೋಗಬಾರದು. ದೋಷ ಪತ್ತೆಯಾಗುವವರೆಗೆ ವಾಹನವನ್ನು ಮತ್ತೆ ಚಲಾಯಿಸಬಾರದು.

ತಡೆಗಟ್ಟುವಿಕೆ

ಹಿಡಿ, ಸ್ವಿಚ್‌ಗಳು, ಕೇಬಲ್ ತುದಿಗಳು, ಏರ್ ಫಿಲ್ಟರ್ ಬಾಯಿ ಮತ್ತು ಕನೆಕ್ಟರ್‌ಗಳ ಮೇಲೆ ಒತ್ತಡದ ನೀರನ್ನು ನೇರವಾಗಿ ಹಾಯಿಸಬಾರದು. ಬಿಸಿಯಾದ ಎಂಜಿನ್ ಆರಿದ ನಂತರವೇ ತೊಳೆಯಬೇಕು. ಕೆಸರನ್ನು ಮೊದಲು ನೆನೆಸಿ, ಮೃದುವಾದ ಬಟ್ಟೆಯಿಂದ ತೆಗೆಯುವುದು ಉತ್ತಮ. ತೊಳೆದು ಒರೆಸಿದ ಮೇಲೆ, ವಾಹನ ಹೊರಡಿಸುವ ಮುನ್ನ, ಮೇಲಿನ ಮೊದಲ ಪರೀಕ್ಷೆಯನ್ನು ತಪ್ಪದೆ ಮಾಡಬೇಕು.