ಜಗ್ ಚಂಗಾ: ಒಂದು ಗೀತಸಂಪುಟದ ವೃತ್ತಾಂತ

ಬೀದರ ನಗರದ ನಾನಕ್ ಝೀರಾ ಗುರುದ್ವಾರಕ್ಕೆ ಬರುವ ಪಂಜಾಬದ ಯಾತ್ರಿಕರು ಒಳ್ಳೆಯದನ್ನು ‘ಚಂಗಾ’ ಎನ್ನುವರು. ಔರಾದ ಸೀಮೆಯ ಮರಾಠೀ ಮನೆಗಳಲ್ಲಿ ಅದೇ ಅರ್ಥಕ್ಕೆ ‘ಚಾಂಗಲಾ’ ಎಂಬರು. ಪ್ರಾಕೃತದ ‘ಚಂಗ’ ಶಬ್ದದಿಂದ ಹುಟ್ಟಿದ ಸೋದರಪದಗಳಿವು. ಆದುದರಿಂದ ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತರು 2013ರಲ್ಲಿ ತಮ್ಮ ಎರಡನೆಯ ಗೀತಸಂಪುಟಕ್ಕೆ ‘ಜಗ್ ಚಂಗಾ’ ಎಂದು ಹೆಸರಿಟ್ಟುದು ಈ ಜಿಲ್ಲೆಯವರ ಕಿವಿಗೆ ಪರಕೀಯವಲ್ಲ.

ದೀಕ್ಷಿತರು ಜನಿಸಿದುದು 1974ರಲ್ಲಿ, ನಾಸಿಕದಲ್ಲಿ. ಓದಿದುದು ಸೂಕ್ಷ್ಮಜೀವಿಶಾಸ್ತ್ರ, ಅಭ್ಯಾಸ ಮಾಡಿದುದು ಭರತನಾಟ್ಯ, ಕೈಗೆ ಹತ್ತಿದುದು ಗಿಟಾರು. ‘ಅಂತರಾಗ್ನಿ’ ಎಂಬ ಮೇಳವನ್ನು ಕಟ್ಟಿದರು. ಅದು ಚದುರಿದ ಬಳಿಕ ಹೊಸ ಮೇಳವನ್ನು ಕೂಡಿಸಿದರು. ಧ್ವನಿಮುದ್ರಣ ಸಂಸ್ಥೆಗಳ ಬಾಗಿಲುಗಳು ಬಹುಕಾಲ ತೆರೆಯಲಿಲ್ಲ. ಕಡೆಗೆ ಹಿಂದೀ ಚಲನಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರ ನೆರವಿನಿಂದ 2008ರಲ್ಲಿ ಮೊದಲನೆಯ ಸಂಪುಟ ಹೊರಬಿದ್ದಿತು. ಅದರಲ್ಲಿ ಶಿಶುನಾಳ ಶರೀಫರ ಪದಗಳೂ ಇದ್ದವು. 2011ರಲ್ಲಿ ಇಂಗ್ಲೆಂಡಿನ ‘ಸಾಂಗ್‌ಲೈನ್ಸ್’ ಪತ್ರಿಕೆಯು ದೀಕ್ಷಿತರಿಗೆ ಹೊಸಬರ ಪುರಸ್ಕಾರವನ್ನಿತ್ತಿತು.

ಮೊದಲನೆಯ ಕೃತಿಗೆ ಕರ್ತೃವಿನ ಪೂರ್ವಾಯುಷ್ಯವೆಲ್ಲವೂ ಬಂಡವಾಳ; ಎರಡನೆಯದಕ್ಕೆ ಕೆಲವೇ ವರ್ಷಗಳ ದುಡಿಮೆ. ಕೀರ್ತಿ ಬಂದ ಮೇಲೆ ಬೇರನ್ನು ಮರೆಯುವುದು ಲೋಕರೂಢಿ. ಐದು ವರ್ಷಗಳ ತರುವಾಯ ಬಂದ ಸಂಪುಟದಲ್ಲಿಯೂ ದೀಕ್ಷಿತರು ಶರೀಫರನ್ನು ಬಿಡಲಿಲ್ಲ. ಹಿಂದೀ ಗೀತೆಗಳ ಪಕ್ಕದಲ್ಲಿಯೇ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತಾ’ ಎಂಬ ಪದಗಳನ್ನು ಇರಿಸಿದರು. ಕನ್ನಡವರಿಯದ ಕೇಳುಗರಿಗೂ ಕನ್ನಡವನ್ನೇ ಹಾಡಿದರು.

ಇಂಥ ಹಾಡಿಕೆಯನ್ನು ತರುಣರು ಹರ್ಷದಿಂದ ಬರಮಾಡಿಕೊಂಡರೆ, ಹಿರಿಯರಲ್ಲಿ ಮುಖ ಸಿಂಡರಿಸುವವರುಂಟು. ಸಿ. ಅಶ್ವತ್ಥರ ಮಟ್ಟುಗಳಿಗೆ, 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ಹಾಡುಗಳಿಗೆ ಒಗ್ಗಿದ ಕಿವಿಗಳು ಅವು. ಆದರೆ ಅಶ್ವತ್ಥರ ಮಟ್ಟುಗಳೂ ಒಂದು ಕಾಲಕ್ಕೆ ಹೊಸವೇ ಅಲ್ಲವೆ? 1819ರಲ್ಲಿ ಹುಟ್ಟಿ, ಗೋವಿಂದಭಟ್ಟರ ಶಿಷ್ಯರಾಗಿ, 1889ರಲ್ಲಿ ದೇಹವಿಟ್ಟ ಶರೀಫರ ಪದಗಳು ಜನರ ಬಾಯಿಂದ ಬಾಯಿಗೆ ದಾಟಿ ಉಳಿದವು. ಏಕತಾರಿಯವನದೊಂದು ಧಾಟಿ, ಭಜನೆಯವರದೊಂದು ಧಾಟಿ. ಹಾಡಿನ ಬಾಳು ಹಾಡುವವರಲ್ಲಿದೆ.

ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಕೋಳಿಯು ಕೋಡಗವನ್ನು ನುಂಗಿತೆಂಬುದು ಬೆಡಗಿನ ಮಾತು. ಒಳಗಣ ಅರ್ಥವನ್ನು ಬಿಡಿಸಿಕೊಳ್ಳಬೇಕು. ಡ್ರಮ್ಮಿನ ಆರ್ಭಟದಲ್ಲಿ ಕಾಲು ಕುಣಿದು ಮನಸ್ಸು ಮಲಗಿದರೆ ಪದದ ಅರ್ಧ ಫಲ ನಷ್ಟ. ಆ ಅರ್ಧವನ್ನು ತುಂಬಿಕೊಡಬೇಕಾದವರು ಮನೆಯ ಹಿರಿಯರು.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಫಲಕವನ್ನಷ್ಟೇ ಕಂಡು ಹಿಂದಿರುಗಿದವನಿಗೆ ಒಳಗಿನ ಪಾಠ ಕೇಳಿಸಿರಲಾರದು. ‘ಜಗ್ ಚಂಗಾ’ ಎಂಬ ಹಿಂದೀ ಹೆಸರು, ಗಿಟಾರಿನ ನಾದ, ಇವೂ ಹೊರಗಿನ ಫಲಕಗಳೇ. ಒಳಗೆ ಕುಳಿತವರು ಶರೀಫರು. ಮಗನು ಆ ಹಾಡನ್ನು ಹಾಕಿದಾಗ ತಂದೆಯು ಗದರಿಸುವ ಬದಲು ಪಕ್ಕದಲ್ಲಿ ಕುಳಿತು ಕೋಳಿ ಯಾವುದು, ಕೋಡಗ ಯಾವುದು ಎಂದು ಕೇಳಲಿ. ಒಳಗಿನ ಪಾಠ ಅಲ್ಲಿಂದಲೇ ಮೊದಲಾಗುವುದು.