ಅಲೆಯನ್ನು ಅಳಿಸಿದವರು, ಅಲೆಯನ್ನು ಎಬ್ಬಿಸಿದವರು

ಬೇಸಿಗೆಯ ವಾರಾಂತ್ಯದಲ್ಲಿ ಅಮೆರಿಕದ ಯಾವುದೇ ದೊಡ್ಡ ಸರೋವರದ ದಡದಲ್ಲಿ ನಿಂತರೂ ಎರಡು ಬಗೆಯ ಜಲಕ್ರೀಡೆಗಳು ಕಣ್ಣಿಗೆ ಬೀಳುತ್ತವೆ. ಒಂದೆಡೆ, ತಗ್ಗಾದ ಮೋಟಾರು ದೋಣಿಯೊಂದು ನೇರವಾಗಿ, ವೇಗವಾಗಿ ಓಡುತ್ತಿರುತ್ತದೆ. ಅದರ ಹಿಂದೆ ಹಗ್ಗ ಹಿಡಿದು, ಒಂದೇ ಸ್ಕೀ ಹಲಗೆಯ ಮೇಲೆ ಎರಡೂ ಪಾದಗಳನ್ನೂರಿ, ಎಡಕ್ಕೂ ಬಲಕ್ಕೂ ಬಾಗುತ್ತ ನೀರನ್ನು ಸೀಳಿಕೊಂಡು ಸಾಗುವವರು ಸ್ಲಾಲಮ್ ಪಟುಗಳು. ಇನ್ನೊಂದೆಡೆ, ಹಿಂಭಾಗವನ್ನು ನೀರಿನಲ್ಲಿ ಅದ್ದಿಕೊಂಡು ನಿಧಾನವಾಗಿ ಚಲಿಸುವ ಭಾರವಾದ ದೋಣಿ. ಅದರ ಬೆನ್ನಿಗೇ ಏಳುವ ದೊಡ್ಡ ಅಲೆಯ ಮೇಲೆ, ಹಗ್ಗವನ್ನೂ ಕೈಬಿಟ್ಟು, ಪುಟ್ಟ ಹಲಗೆಯ ಮೇಲೆ ನಿಂತು ಜಾರುವವರು ವೇಕ್‌ಸರ್ಫಿಂಗ್ ಪ್ರಿಯರು. ಮೊದಲನೆಯವರಿಗೆ ಅಲೆಯೆಂದರೆ ಅಡ್ಡಿ; ಎರಡನೆಯವರಿಗೆ ಅಲೆಯೇ ಆಟ. ಇಂದು ಒಂದೇ ಮನೆಯಲ್ಲಿ ಈ ಎರಡೂ ಅಭಿರುಚಿಯ ಮಕ್ಕಳಿರುತ್ತಾರೆ, ಮನೆಗೆ ದೋಣಿ ಮಾತ್ರ ಒಂದೇ. ಆ ದೋಣಿಯು ಬಹುತೇಕ ಅಲೆ ಎಬ್ಬಿಸಲೆಂದೇ ನಿರ್ಮಿತವಾದದ್ದಾಗಿರುತ್ತದೆ. ಹೀಗಾದುದು ಹೇಗೆ ಎಂಬುದರ ಹಿಂದೆ ನೂರು ವರ್ಷಗಳ ಸ್ವಾರಸ್ಯಕರ ಇತಿಹಾಸವಿದೆ.

ಸ್ಕೀ ಎಂಬ ಪದ ನಾರ್ವೆಯ ಹಿಮದ ನಾಡಿನದು. ಸ್ಲಾಲಮ್ ಎಂಬುದೂ ಅಲ್ಲಿಯದೇ. ಇಳಿಜಾರಿನ ಜಾಡು ಎಂದು ಅದರ ಅರ್ಥ. ಹಿಮದ ಈ ಆಟವನ್ನು ನೀರಿಗಿಳಿಸಿದ ಕೀರ್ತಿ ಮಿನೆಸೋಟ ರಾಜ್ಯದ ಲೇಕ್ ಸಿಟಿ ಎಂಬ ಸಣ್ಣ ಊರಿನ ರಾಲ್ಫ್ ಸ್ಯಾಮ್ಯುಯೆಲ್ಸನ್‌ಗೆ ಸಲ್ಲುತ್ತದೆ. ಮಿಸಿಸಿಪಿ ನದಿಯು ಅಗಲವಾಗಿ ಹರಡಿಕೊಂಡು ಆದ ಪೆಪಿನ್ ಸರೋವರದ ದಡದಲ್ಲಿ ಈ ಊರಿದೆ. 1922ರ ಬೇಸಿಗೆಯಲ್ಲಿ ಹದಿನೆಂಟು ವರ್ಷದ ಈ ಹುಡುಗ ಮೊದಲು ಪೀಪಾಯಿಯ ಪಟ್ಟಿಗಳನ್ನು ಕಾಲಿಗೆ ಕಟ್ಟಿ ಪ್ರಯತ್ನಿಸಿದ, ಮುಳುಗಿದ. ಹಿಮದ ಸ್ಕೀಗಳನ್ನು ಕಟ್ಟಿ ನೋಡಿದ, ಆಗಲೂ ಮುಳುಗಿದ. ಕಡೆಗೆ ಎಂಟು ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಎರಡು ಪೈನ್ ಹಲಗೆಗಳನ್ನು ಕೊಂಡು ತಂದು, ತಾಯಿಯ ತಾಮ್ರದ ಹಂಡೆಯಲ್ಲಿ ಅವುಗಳ ತುದಿಯನ್ನು ಕುದಿಸಿ ಮೆದುಗೊಳಿಸಿ ಮೇಲಕ್ಕೆ ಬಾಗಿಸಿದ. ಪಾದ ಸಿಕ್ಕಿಸಲು ತೊಗಲಿನ ಪಟ್ಟಿ, ಎಳೆಯಲು ಕಿಟಕಿಗೆ ಬಳಸುವ ನೂರಡಿ ಹಗ್ಗ, ಹಿಡಿಯಲು ಕಬ್ಬಿಣದ ಬಳೆ. ಅಣ್ಣ ಬೆನ್ ದೋಣಿ ನಡೆಸಿದ. ಹಲವು ದಿನ ಬಿದ್ದೆದ್ದ ಮೇಲೆ, ಹಿಂದಕ್ಕೆ ವಾಲಿ ಸ್ಕೀಗಳ ತುದಿಯನ್ನು ನೀರಿನ ಮೇಲಕ್ಕೆತ್ತಿ ಹಿಡಿಯಬೇಕೆಂಬ ಗುಟ್ಟು ಅವನಿಗೆ ಹೊಳೆಯಿತು. ಜುಲೈ 2ರಂದು ಅವನು ನೀರಿನ ಮೇಲೆ ನಿಂತ. ಮರುದಿನ ಅವನ ಹತ್ತೊಂಬತ್ತನೆಯ ಹುಟ್ಟುಹಬ್ಬ.

ಆದರೆ ಸ್ಯಾಮ್ಯುಯೆಲ್ಸನ್ ತನ್ನ ಶೋಧಕ್ಕೆ ಹಕ್ಕುಪತ್ರ ಪಡೆಯಲಿಲ್ಲ. 1925ರಲ್ಲಿ ನೀರಿನ ಸ್ಕೀಗಳಿಗೆ ಪೇಟೆಂಟ್ ಪಡೆದವನು, ಮುಂದೆ ಸಿನೆರಾಮಾ ಎಂಬ ವಿಶಾಲ ತೆರೆಯ ಚಿತ್ರತಂತ್ರವನ್ನು ರೂಪಿಸಿದ ಫ್ರೆಡ್ ವಾಲರ್. ಸ್ಯಾಮ್ಯುಯೆಲ್ಸನ್ ಬೆನ್ನಿಗೆ ಪೆಟ್ಟು ಮಾಡಿಕೊಂಡು ಆಟವನ್ನು ಬಿಟ್ಟ. ಟರ್ಕಿ ಕೋಳಿಗಳನ್ನು ಸಾಕಿ ಬದುಕಿದ. ಜಗತ್ತು ಅವನನ್ನು ಮರೆಯಿತು. ನಾಲ್ಕು ದಶಕಗಳ ಬಳಿಕ, 1963ರಲ್ಲಿ, ಸೇಂಟ್ ಪಾಲ್ ನಗರದ ಪತ್ರಕರ್ತೆ ಮಾರ್ಗರೆಟ್ ಕ್ರಿಮಿನ್ಸ್ ಲೇಕ್ ಸಿಟಿಯಲ್ಲಿ ಗೋಡೆಗೆ ತೂಗುಹಾಕಿದ್ದ ಆ ಹಳೆಯ ಹಲಗೆಗಳನ್ನು ಕಂಡು ವಿಚಾರಿಸಿ ಬರೆದರು. ಅದರ ಫಲವಾಗಿ 1966ರಲ್ಲಿ ಅಮೆರಿಕದ ವಾಟರ್ ಸ್ಕೀ ಸಂಘವು ಸ್ಯಾಮ್ಯುಯೆಲ್ಸನ್‌ನನ್ನು ಈ ಕ್ರೀಡೆಯ ಜನಕನೆಂದು ಒಪ್ಪಿಕೊಂಡಿತು. ಮನ್ನಣೆ ತಡವಾಗಿ ಬಂದರೂ ಅವನ ಜೀವಿತಕಾಲದಲ್ಲೇ ಬಂದಿತೆಂಬುದು ಸಮಾಧಾನದ ಸಂಗತಿ.

ಅಷ್ಟರಲ್ಲಿ ಆಟ ಬಹುದೂರ ಸಾಗಿತ್ತು. ಫ್ಲಾರಿಡಾದಲ್ಲಿ 1936ರಲ್ಲಿ ಆರಂಭವಾದ ಸೈಪ್ರೆಸ್ ಗಾರ್ಡನ್ಸ್ ಉದ್ಯಾನವು ಮುಂದೆ ಜಲಕ್ರೀಡಾ ಪ್ರದರ್ಶನಗಳಿಂದ ಜಗತ್ಪ್ರಸಿದ್ಧವಾಯಿತು. 1939ರಲ್ಲಿ ಅಮೆರಿಕದ ಸಂಘ ಸ್ಥಾಪನೆಗೊಂಡು, ಅದೇ ವರ್ಷ ನ್ಯೂಯಾರ್ಕಿನ ಜೋನ್ಸ್ ಬೀಚ್‌ನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆಯಿತು. 1949ರಲ್ಲಿ ಫ್ರಾನ್ಸಿನ ಜುವಾನ್-ಲೆ-ಪಿನ್‌ನಲ್ಲಿ ಮೊದಲ ವಿಶ್ವ ಸ್ಪರ್ಧೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಪ್ರದರ್ಶನ ಕ್ರೀಡೆಯಾಗಿಯೂ ಅದಕ್ಕೆ ಸ್ಥಾನ ದೊರೆಯಿತು. ಸ್ಪರ್ಧೆಯ ಮೂರು ಅಂಗಗಳಾದ ಸ್ಲಾಲಮ್, ಕಸರತ್ತು, ನೆಗೆತಗಳಲ್ಲಿ ಸಾಮಾನ್ಯರ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಸ್ಲಾಲಮ್.

ಅದರ ನಿಯಮ ಸರಳ, ಸಾಧನೆ ಕಠಿಣ. 259 ಮೀಟರ್ ಉದ್ದದ ಪಥದ ನಡುವೆ ದೋಣಿ ನೇರವಾಗಿ ಸಾಗಬೇಕು. ಮಧ್ಯರೇಖೆಯಿಂದ ಹನ್ನೊಂದೂವರೆ ಮೀಟರ್ ದೂರದಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು ತೇಲುಗುಂಡುಗಳು. ಸ್ಕೀ ಪಟುವು ಈ ಆರನ್ನೂ ಎಡಬಲ ಮಾಡುತ್ತ ಹೊರಗಿನಿಂದ ಸುತ್ತಿ ಬರಬೇಕು. ಯಶಸ್ವಿಯಾದಂತೆ ದೋಣಿಯ ವೇಗ ಏರುತ್ತದೆ. ಪುರುಷರಿಗೆ ಗಂಟೆಗೆ 58 ಕಿಲೋಮೀಟರ್, ಮಹಿಳೆಯರಿಗೆ 55 ಕಿಲೋಮೀಟರ್ ಅದರ ಮಿತಿ. ಅಲ್ಲಿಂದ ಮುಂದೆ ಹಗ್ಗ ಗಿಡ್ಡವಾಗುತ್ತ ಹೋಗುತ್ತದೆ. ಹಗ್ಗ 10.25 ಮೀಟರಿಗೆ ಇಳಿದಾಗ ಅದು ತೇಲುಗುಂಡನ್ನು ಮುಟ್ಟುವಷ್ಟೂ ಉದ್ದವಿರುವುದಿಲ್ಲ. ಉಳಿದ ಅಂತರವನ್ನು ಪಟು ತನ್ನ ಮೈಯನ್ನೂ ತೋಳನ್ನೂ ಚಾಚಿಯೇ ತುಂಬಬೇಕು. ಒಂದು ಗುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಬಾರಿಯೂ ದೋಣಿ ಬಿಟ್ಟ ಅಲೆಯನ್ನು ದಾಟಬೇಕು. ಆ ವೇಗದಲ್ಲಿ ಅಲೆಯ ಏಣು ರಸ್ತೆಯ ಉಬ್ಬಿನಂತೆ ಕಾಲಿಗೆ ಬಡಿಯುತ್ತದೆ.

ಆದುದರಿಂದ ದೋಣಿ ಕಟ್ಟುವವರ ಬುದ್ಧಿಯೆಲ್ಲ ದಶಕಗಳ ಕಾಲ ಅಲೆಯನ್ನು ಅಳಿಸುವುದಕ್ಕೇ ಮೀಸಲಾಯಿತು. 1925ರಲ್ಲಿ ಫ್ಲಾರಿಡಾದಲ್ಲಿ ವಾಲ್ಟರ್ ಮೆಲೂನ್ ಆರಂಭಿಸಿದ, ಮುಂದೆ ಕರೆಕ್ಟ್ ಕ್ರಾಫ್ಟ್ ಎಂದು ಹೆಸರಾದ ಸಂಸ್ಥೆಯು 1961ರಲ್ಲಿ ಸ್ಕೀ ನಾಟಿಕ್ ದೋಣಿಯನ್ನು ಹೊರತಂದಿತು. ಸ್ಕೀ ಶಾಲೆ ನಡೆಸುತ್ತಿದ್ದ ರಾಬ್ ಶರ್ಲಿ, ಇನ್ನೂ ಸಣ್ಣ ಅಲೆಯ ದೋಣಿ ಬೇಕೆಂದು 1968ರಲ್ಲಿ ಟೆನೆಸಿಯಲ್ಲಿ ಕುದುರೆ ಲಾಯವೊಂದರಲ್ಲೇ ಮಾಸ್ಟರ್‌ಕ್ರಾಫ್ಟ್ ಕಟ್ಟತೊಡಗಿದರು. ಎಂಜಿನ್ ದೋಣಿಯ ನಡುವಿಗೆ, ತಳ ಸಾಕಷ್ಟು ಚಪ್ಪಟೆ, ಮೈ ಹಗುರ, ಹಗ್ಗ ಕಟ್ಟಲು ಮಧ್ಯದಲ್ಲಿ ಗಿಡ್ಡನೆಯ ಕಂಬ. ಹೀಗೆ ನೀರನ್ನು ಅಗೆಯದೆ ಅದರ ಮೇಲೆ ಸವರಿಕೊಂಡು ಹೋಗುವ ದೋಣಿ ಸಿದ್ಧವಾಯಿತು.

ಬಳಿಕ ಕಾಲ ತಿರುಗಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಟೋನಿ ಫಿನ್, ದೋಣಿಯ ಹಿಂದೆ ಎಳೆಸಿಕೊಳ್ಳುವ ಸ್ಕರ್ಫರ್ ಎಂಬ ಹಲಗೆಯನ್ನು ಮಾರುಕಟ್ಟೆಗೆ ತಂದರು. 1990ರಲ್ಲಿ ಹರ್ಬ್ ಓಬ್ರಯನ್ ಅವರ ಹೈಪರ್‌ಲೈಟ್ ಹಲಗೆ ವೇಕ್‌ಬೋರ್ಡಿಂಗನ್ನು ಮನೆಮಾತಾಗಿಸಿತು. ಈ ಹೊಸ ತಲೆಮಾರಿಗೆ ಅಲೆಯೇ ನೆಗೆಯುವ ಚಿಮ್ಮುಹಲಗೆ. ಅದು ದೊಡ್ಡದಾದಷ್ಟೂ ಲೇಸು. ಎಂಜಿನ್ ಹಿಂಬದಿಗೆ ಸರಿಯಿತು. 1997ರಲ್ಲಿ ದೋಣಿಯ ಮೇಲೆ ಹಗ್ಗ ಕಟ್ಟುವ ಎತ್ತರದ ಕಮಾನು ಬಂತು. ತೂಕ ಹೆಚ್ಚಿಸಲು ದೋಣಿಯೊಳಗೇ ನೀರು ತುಂಬುವ ತೊಟ್ಟಿಗಳು ಬಂದವು. ವೇಕ್‌ಸರ್ಫಿಂಗಿಗೆ ಮೊದಲು ಒಂದು ಪಕ್ಕದ ತೊಟ್ಟಿಯನ್ನಷ್ಟೇ ತುಂಬಿ ದೋಣಿಯನ್ನು ವಾಲಿಸಬೇಕಾಗಿತ್ತು. 2012ರಲ್ಲಿ ಮಾಲಿಬು ಸಂಸ್ಥೆಯು ಹಿಂಬದಿಯಲ್ಲಿ ಬಾಗಿಲಿನಂತೆ ತೆರೆಯುವ ಫಲಕಗಳನ್ನು ಅಳವಡಿಸಿತು. ಒಂದು ಗುಂಡಿಯನ್ನೊತ್ತಿದರೆ ಅಲೆ ಎಡಕ್ಕೆ, ಇನ್ನೊಂದನ್ನೊತ್ತಿದರೆ ಬಲಕ್ಕೆ! ಅಜ್ಜಿಯಿಂದ ಮೊಮ್ಮಗನವರೆಗೆ ಹತ್ತಾರು ಜನ ಕುಳಿತುಕೊಳ್ಳಬಹುದಾದ ಈ ದೋಣಿಗಳ ಬೆಲೆ ಲಕ್ಷ ಡಾಲರನ್ನು ಲೀಲಾಜಾಲವಾಗಿ ದಾಟಿದರೂ ಬೇಡಿಕೆ ಕುಗ್ಗಲಿಲ್ಲ. ಅಪ್ಪಟ ಸ್ಲಾಲಮ್ ದೋಣಿ ಕಟ್ಟುವವರು ಬೆರಳೆಣಿಕೆಯಷ್ಟಾದರು.

ಕರಾವಳಿಯ ಕಂಬಳದಲ್ಲಿ ವೇಗದ ಓಟಕ್ಕೊಂದು ವಿಭಾಗವಿದ್ದರೆ, ನೀರನ್ನು ನಿಶಾನೆಯ ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆಗೆ ಬೇರೆಯೇ ವಿಭಾಗವಿರುವುದನ್ನು ಕಂಡ ನಮಗೆ, ಒಂದೇ ಸಾಧನದಿಂದ ಎರಡನ್ನೂ ಬಯಸುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಸರ್ಫ್ ದೋಣಿಯ ಹಿಂದೆ ಸ್ಲಾಲಮ್ ಅಸಾಧ್ಯವೇನಲ್ಲ. ತೊಟ್ಟಿಗಳ ನೀರನ್ನು ಪೂರ್ತಿ ಹೊರಹಾಕಬೇಕು. ಪಕ್ಕದ ಫಲಕಗಳನ್ನು ಒಳಗೆಳೆದುಕೊಳ್ಳಬೇಕು. ಕುಳಿತವರ ಭಾರ ಎರಡೂ ಬದಿಗೆ ಸಮನಾಗಿರಬೇಕು. ಹಗ್ಗವನ್ನು ಎತ್ತರದ ಕಮಾನಿಗಲ್ಲ, ಕೆಳಗಿನ ಕೊಂಡಿಗೆ ಕಟ್ಟಬೇಕು. ಏಕೆಂದರೆ ಸ್ಲಾಲಮ್ ಪಟುವಿನ ಪಕ್ಕದೆಳೆತ ಮೇಲಿನಿಂದ ಬಿದ್ದರೆ ದೋಣಿಯೇ ವಾಲುತ್ತದೆ. ಇಷ್ಟಾದರೂ ಭಾರವಾದ ಮೈ ಬಿಟ್ಟ ಅಲೆ ಪೂರ್ತಿ ಮಾಯವಾಗದು. ನಲಿವಿಗಾಗಿ ಆಡುವವರಿಗೆ ಇದು ಸಾಕು. ಆರು ತೇಲುಗುಂಡುಗಳ ಪಥದಲ್ಲಿ ಪಳಗಬೇಕೆನ್ನುವವರಿಗೆ ಸಾಲದು.

ನಮ್ಮ ಮನೆಯಲ್ಲಿ ಮಗ ಸ್ಲಾಲಮ್ ಪಕ್ಷ, ಮಗಳು ಸರ್ಫಿಂಗ್ ಪಕ್ಷ. ಪ್ರತಿ ಬೇಸಿಗೆಯಲ್ಲೂ ತೊಟ್ಟಿ ತುಂಬುವ, ಬರಿದುಮಾಡುವ ವಾದ ಇದ್ದದ್ದೇ. ನನ್ನ ಪಾಲಿಗೆ ಬಂದದ್ದು ಮಾತ್ರ ಹಿಂದಕ್ಕೆ ಮುಖಮಾಡಿ ಕುಳಿತು, ನೀರಿನಲ್ಲಿರುವವರ ಮೇಲೆ ಕಣ್ಣಿಡುವ ಕೆಲಸ. ಹೀಗೆ ನೋಡುವವರೊಬ್ಬರು ದೋಣಿಯಲ್ಲಿರಬೇಕೆಂಬುದು ಅನೇಕ ರಾಜ್ಯಗಳ ಕಾನೂನು. ಆ ಪೀಠದಲ್ಲಿ ಕುಳಿತವಳಿಗೆ, ಮುಂದೆ ನೋಡಿ ನಡೆಸುವವರಿಗೆ ಕಾಣದ ಒಂದು ಸಂಗತಿ ಕಾಣುತ್ತದೆ. ನಾವು ಎಬ್ಬಿಸಿದ ಅಲೆ ನಮ್ಮೊಡನೆ ಬರುವುದಿಲ್ಲ. ಅದು ದಡಕ್ಕೆ ಹೋಗುತ್ತದೆ.

ಇದು ಈಗ ಕೇವಲ ಮನೆಯ ವಾದವಾಗಿ ಉಳಿದಿಲ್ಲ. ದಡದ ಮಣ್ಣು ಕುಸಿಯುವುದು, ತಳದ ಕೆಸರು ಕದಡುವುದು, ನೀರಂಚಿನ ಹಕ್ಕಿಗೂಡು ನೆನೆಯುವುದು, ಕಟ್ಟಿಹಾಕಿದ ನೆರೆಯವರ ದೋಣಿ ತೊಯ್ದಾಡುವುದು ಇವೆಲ್ಲ ಸರೋವರದ ಊರುಗಳ ಸಭೆಗಳಲ್ಲಿ ಚರ್ಚೆಗೆ ಬಂದಿವೆ. ಸ್ಯಾಮ್ಯುಯೆಲ್ಸನ್‌ನ ತವರಾದ ಮಿನೆಸೋಟದ ವಿಶ್ವವಿದ್ಯಾನಿಲಯವು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಮಾನ್ಯ ದೋಣಿಗಳ ಅಲೆ 200 ಅಡಿ ದೂರದಲ್ಲಿ ಎಷ್ಟು ತಗ್ಗುವುದೋ, ಸರ್ಫ್ ದೋಣಿಯ ಅಲೆ ಅಷ್ಟು ತಗ್ಗಲು 500 ಅಡಿಗಿಂತ ಹೆಚ್ಚು ದೂರ ಬೇಕು. 2024ರಲ್ಲಿ ವರ್ಮಾಂಟ್ ರಾಜ್ಯವು ಇಂಥ ಆಟವನ್ನು ದಡದಿಂದ 500 ಅಡಿ ಆಚೆಗೆ, ಕನಿಷ್ಠ 20 ಅಡಿ ಆಳವಿರುವ ನೀರಿಗೆ ಸೀಮಿತಗೊಳಿಸಿತು.

ಸರೋವರದ ದಂಡೆಯಲ್ಲಿ ಮನೆ ಮಾಡಿಕೊಂಡಿರುವ, ಬೇಸಿಗೆಗೆಂದು ಬಾಡಿಗೆ ದೋಣಿ ಹಿಡಿಯುವ ಕನ್ನಡಿಗರು ಇಂದು ಕಡಿಮೆಯಿಲ್ಲ. ಈ ನಾಡಿನ ಆಟಗಳನ್ನು ನಮ್ಮ ಮಕ್ಕಳು ಸಂಕೋಚವಿಲ್ಲದೆ ತಮ್ಮದಾಗಿಸಿಕೊಂಡಿದ್ದಾರೆ. ಅದು ಸಂತೋಷದ ವಿಷಯ. ಆಟದ ಜೊತೆಗೆ ಅದರ ಹೊಣೆಯೂ ನಮ್ಮದಾಗಲಿ. ಸರ್ಫಿಂಗ್ ಆಡುವಾಗ ಸರೋವರದ ನಟ್ಟನಡುವಿನ ಆಳದ ನೀರಿಗೆ ಹೋಗುವುದು, ಒಂದೇ ದಡದ ಮುಂದೆ ಸುತ್ತುತ್ತಿರದಿರುವುದು, ನೀರು ಕನ್ನಡಿಯಂತಿರುವ ಮುಂಜಾವನ್ನು ಸ್ಲಾಲಮ್ ಆಡುವವರಿಗೂ ಮೀನು ಹಿಡಿಯುವವರಿಗೂ ಬಿಟ್ಟುಕೊಡುವುದು ನಮಗೆ ಭಾರವಾಗಲಾರದು. ತಾಯಿಯ ಹಂಡೆಯಲ್ಲಿ ಹಲಗೆ ಬೇಯಿಸಿದ ಹುಡುಗನಿಗೆ ಇಡೀ ಸರೋವರ ತೆರೆದಿತ್ತು. ನಮ್ಮ ಮೊಮ್ಮಕ್ಕಳಿಗೂ ಅದು ಹಾಗೆಯೇ ತೆರೆದಿರಬೇಕಾದರೆ, ದೋಣಿಯಲ್ಲಿರುವ ಪ್ರತಿಯೊಬ್ಬರೂ ಆಗಾಗ ಹಿಂದಿರುಗಿ ದಡದ ಕಡೆ ನೋಡಬೇಕಾಗಿದೆ.