ಬೆಳ್ಳೂರಿನ ಆಡು ಮತ್ತು ಪ್ರಾಯಶ್ಚಿತ್ತ ಸಿದ್ಧಾಂತ: ರಿಕ್ಟರ್ ದಾಖಲಿಸಿದ ಎರಡು ಕೊಡಗು ಕಥನಗಳ ಮರುಪರಿಶೀಲನೆ

1. ಪ್ರಶ್ನೆಯ ಹಿನ್ನೆಲೆ

ಕೊಡಗಿನ ಕ್ರೈಸ್ತ ಇತಿಹಾಸದ ಸ್ಥೂಲರೇಖೆಗಳ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿದ ಕೊಂಕಣಿ ಕ್ಯಾಥೊಲಿಕರಿಗೆ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟನು. 1792ರಲ್ಲಿ ಅವನೇ ಕಟ್ಟಿದ ವಿರಾಜಪೇಟೆಯಲ್ಲಿ ಅವರ ಸಭೆ ಬೇರೂರಿತು. ಪ್ರಾಟೆಸ್ಟಂಟ್ ಧಾರೆ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರೊಂದಿಗೆ ಬಂತು. ಅಲ್ಮಂಡ ಸೋಮಯ್ಯನವರ ದೀಕ್ಷಾಸ್ನಾನದ ಬೆನ್ನಿಗೆ, 1853ರಲ್ಲಿ, ಅವರು ಕೊಡಗಿಗೆ ಬಂದು ನೆಲೆಸಿದರು. ಸಿದ್ದಾಪುರ–ಅಮ್ಮತ್ತಿ ಸೀಮೆಯ ಆನಂದಪುರ ಅವರ ಕಾಲದಲ್ಲಿ ರೂಪುಗೊಂಡ ವಸತಿ. ಅಲ್ಲಿನ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಹೊಲೆಯ ಸಮುದಾಯದ ದುಡಿಯುವ ಕುಟುಂಬಗಳವರು.

ಈ ಚರಿತ್ರೆಯಲ್ಲಿ ವ್ಯಕ್ತಿಗಳು, ಜಾತಿಗಳು, ಶಾಲೆಗಳು ಚರ್ಚೆಗೆ ಬಂದಿರುವಷ್ಟು ಸಿದ್ಧಾಂತ ಬಂದಿಲ್ಲ. ದೈವಶಾಸ್ತ್ರದ ನಡುಮನೆ ಎನ್ನಬಹುದಾದ ಪ್ರಾಯಶ್ಚಿತ್ತದ ಕಲ್ಪನೆಗೆ ಕೊಡಗಿನ ನೆಲದಲ್ಲಿ ಯಾವ ಹೋಲಿಕೆ ಸಿಗುತ್ತಿತ್ತು ಎಂಬ ಪ್ರಶ್ನೆಗೆ ಗ್ಯೋರ್ಗ್ ರಿಕ್ಟರ್ ಅವರ ಬರಹ ಒಂದು ಉತ್ತರ ಸೂಚಿಸುತ್ತದೆ. ಆ ಉತ್ತರ ತಪ್ಪೆಂಬುದು ಈ ಲೇಖನದ ವಾದ.

2. ಪರಿಭಾಷೆ

ಕ್ರಿಸ್ತನ ಮರಣದಿಂದ ಏನು ಸಂಭವಿಸಿತು ಎಂಬುದನ್ನು ದೈವಶಾಸ್ತ್ರ ಹಲವು ಬಗೆಯಲ್ಲಿ ವಿವರಿಸಿದೆ. 1098ರ ಹೊತ್ತಿಗೆ ಮುಗಿದ ಆನ್ಸೆಲ್ಮನ ಗ್ರಂಥದ ಪ್ರಕಾರ ದೇವರಿಗೆ ಸಲ್ಲಬೇಕಾದುದನ್ನು ಸಲ್ಲಿಸದಿರುವುದೇ ಪಾಪ. ಆದ್ದರಿಂದ ಪ್ರಾಯಶ್ಚಿತ್ತವೆಂದರೆ ಋಣದ ತೀರುವಳಿ. ಸುಧಾರಣಾ ಯುಗದಲ್ಲಿ, ಮುಖ್ಯವಾಗಿ ಕ್ಯಾಲ್ವಿನ್‌ನಲ್ಲಿ, ಒತ್ತು ದಂಡನೆಯ ಕಡೆಗೆ ಸರಿಯಿತು: ಅಪರಾಧಿಯ ಶಿಕ್ಷೆಯನ್ನು ನಿರಪರಾಧಿ ತನ್ನ ಮೇಲೆ ತೆಗೆದುಕೊಂಡನು. ಗುಸ್ತಾಫ್ ಔಲೆನ್ 1930ರ ದಶಕದ ಆರಂಭದಲ್ಲಿ ಈ ಎರಡಕ್ಕೂ ಹಿಂದಿನದೆಂದು ಮರಳಿ ಮುಂದಿಟ್ಟದ್ದು ಮರಣದ ಶಕ್ತಿಗಳ ಮೇಲಿನ ಜಯ ಎಂಬ ವಿವರಣೆಯನ್ನು. ರೋಮಾಪುರದವರಿಗೆ ಬರೆದ ಪತ್ರಿಕೆಯ 3:25ನ್ನು ಪಾಪನಿವಾರಣೆಯೆಂದು ಓದಬೇಕೆಂದು ಸಿ. ಎಚ್. ಡಾಡ್ ಹೇಳಿದರೆ, ಕೋಪಶಮನವನ್ನು ಅಲ್ಲಿಂದ ತೆಗೆದುಹಾಕಲಾಗದೆಂದು ಲಿಯಾನ್ ಮಾರಿಸ್ ಪ್ರತಿವಾದಿಸಿದರು. ಇವೆಲ್ಲ ಬಲ್ಲವರಿಗೆ ಹೊಸದಲ್ಲ. ನಮ್ಮ ಪ್ರಶ್ನೆಗೆ ಬೇಕಾದ ಭೇದಗಳು ಮೂರು: ಬದಲಿಯನ್ನು ಒದಗಿಸುವವರು ಯಾರು? ಆ ಬದಲಿ ತೀರಿಸುವುದು ಏನನ್ನು? ಅದು ಒಮ್ಮೆಗೇ ತೀರುತ್ತದೆಯೇ?

3. ಎರಡು ಕಥನಗಳು

ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಮುಖ್ಯಸ್ಥರಾಗಿದ್ದ ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿಯನ್ನು ಪ್ರಕಟಿಸಿದವರು. ಅವರು ದಾಖಲಿಸಿದ ನರಬಲಿಯ ಎರಡು ಐತಿಹ್ಯಗಳು ಎಡ್ಗರ್ ಥರ್ಸ್ಟನ್ ಮೊದಲಾದವರ ಮೂಲಕ ದೂರ ಹರಡಿದವು.

ಮೊದಲನೆಯದು ಇಂದಿನ ಕಿರುಂದಾಡು, ಕೊಣಂಜಗೇರಿಗಳೆಂದು ಗುರುತಿಸಬಹುದಾದ ಗ್ರಾಮಗಳದು. ಮೂರು ವರ್ಷಕ್ಕೊಮ್ಮೆ ಭದ್ರಕಾಳಿಗೆ ಮನುಷ್ಯನನ್ನು ಅರ್ಪಿಸುವಾಗ, ಇದೋ ಆಳು ಎಂದು ಜನ ಅಮ್ಮನಿಗೆ ಕೂಗಿ ಹೇಳುತ್ತಿದ್ದರಂತೆ. ಒಮ್ಮೆ ಭಕ್ತನೊಬ್ಬ, ಇದು ಆಳಲ್ಲ, ಆಡು ಎಂದು ಕೂಗಿಬಿಟ್ಟ. ಅಂದಿನಿಂದ ಊನವಿಲ್ಲದ ಹೋತವೇ ಬಲಿಯಾಯಿತು.

ಎರಡನೆಯದು ಕಿಗ್ಗಟ್ಟುನಾಡಿನ ಬೆಳ್ಳೂರಿನದು. ಅಲ್ಲಿ ವರ್ಷಕ್ಕೊಮ್ಮೆ, ಮನೆಗಳ ಸರದಿಯಂತೆ, ಒಬ್ಬನ ತಲೆ ಕಡಿಯುತ್ತಿದ್ದರಂತೆ. ಒಂದು ವರ್ಷ ಗೊತ್ತಾದ ವ್ಯಕ್ತಿ ಕಾಡಿಗೆ ಓಡಿಹೋದ. ಹುಡುಕಿ ಸೋತು ಬಂದ ಊರವರು ಪೂಜಾರಿಗೆ ಹೇಳಿದ ಮಾತಿಗೆ ಕೊಡವ ತಕ್ಕಿನಲ್ಲಿ ಎರಡರ್ಥ: ಮುಂದಿನ ವರ್ಷ ಕೊಡುತ್ತಾನೆ ಎಂದೂ ಆಗುತ್ತದೆ, ಆಡು ಎಂದೂ ಕೇಳುತ್ತದೆ. ಆಮೇಲೆ ಆಡಿನ ಬಲಿಯೇ ರೂಢಿಗೆ ಬಂತು.

ಈ ಆಡನ್ನು ರಿಕ್ಟರ್ ಕರೆದದ್ದು ಯಾಜಕಕಾಂಡದ 16ನೆಯ ಅಧ್ಯಾಯದ ಪಾಪ ಹೊರುವ ಹೋತದ ಹೆಸರಿನಿಂದ. ನಮ್ಮ ತಕರಾರು ಇಲ್ಲಿದೆ. ಆ ಅಧ್ಯಾಯದಲ್ಲಿ ಹೋತಗಳು ಎರಡು. ಒಂದನ್ನು ಕೊಯ್ಯುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈಯಿಟ್ಟು ಜನರ ಅಪರಾಧಗಳನ್ನು ಅರಿಕೆ ಮಾಡಿ, ಅದನ್ನು ಜೀವಂತವಾಗಿ ಅರಣ್ಯಕ್ಕೆ ಅಟ್ಟುತ್ತಾನೆ. ಬೆಳ್ಳೂರಿನ ಆಡು ಸಾಯುತ್ತದೆ; ಕಾಡಿಗೆ ಹೋದವನು ಮನುಷ್ಯ, ಅವನೂ ಯಾರ ಪಾಪವನ್ನೂ ಹೊತ್ತು ಹೋದವನಲ್ಲ. ಕೈಯಿಡುವುದಾಗಲಿ ಅರಿಕೆಯಾಗಲಿ ಕಥನದಲ್ಲಿ ಇಲ್ಲ. ಅಷ್ಟೇಕೆ, ಪಾಪವೆಂಬುದೇ ಎರಡೂ ಕಥನಗಳಲ್ಲಿ ಎಲ್ಲೂ ಬರುವುದಿಲ್ಲ. ಯಾವ ಮನೆಯೂ ತಪ್ಪು ಮಾಡಿಲ್ಲ. ಸರದಿ ಬಂದಿದೆ, ಅಷ್ಟೆ. ಸಲ್ಲಬೇಕಾದುದು ಇದೆ, ಅಪರಾಧವಿಲ್ಲ. ಹೀಗಾಗಿ ಈ ಆಡು ಪಾಪನಿವಾರಣೆಯ ಪ್ರಾಣಿಯಾಗಲಾರದು. ಅದು ಸೇರುವುದು ಋಣದ ಲೆಕ್ಕಕ್ಕೆ, ಅದೂ ಆನ್ಸೆಲ್ಮನ ಋಣಕ್ಕಿಂತ ಭಿನ್ನವಾದ ಋಣದ ಲೆಕ್ಕಕ್ಕೆ.

ಬದಲಿ ಒದಗಿಸಿದವರು ಯಾರೆಂಬುದು ಇನ್ನೂ ಮುಖ್ಯ. ಆದಿಕಾಂಡದ 22ರಲ್ಲಿ ಅಬ್ರಹಾಮನ ಕೈ ತಡೆಯುವುದೂ ಟಗರನ್ನು ಒದಗಿಸುವುದೂ ದೇವರೇ. ರೋಮಾಪುರದ ಪತ್ರಿಕೆಯಲ್ಲೂ ಕ್ರಿಸ್ತನನ್ನು ಮುಂದಿಟ್ಟವನು ದೇವರು. ಡಾಡ್, ಮಾರಿಸ್ ಇಬ್ಬರಿಗೂ ಇದು ಒಪ್ಪಿತ. ಕಿರುಂದಾಡಿನಲ್ಲಿ ಕೂಗಿದವನು ಭಕ್ತ. ಬೆಳ್ಳೂರಿನಲ್ಲಿ ಮಾತಾಡಿದವರು ಊರವರು. ದೇವತೆ ಎರಡೂ ಕಡೆ ಮೌನವಾಗಿ ಒಪ್ಪಿದ್ದಾಳೆ. ಕೃಪೆ ಎಂಬ ಪರಿಭಾಷೆ ಇಲ್ಲಿ ಸಲೀಸಾಗಿ ಕೂರದಿರುವುದಕ್ಕೆ ಇದೇ ಕಾರಣ.

4. ಮುಂದೂಡಿದ ಋಣ

ಇಲ್ಲಿಂದ ಮುಂದಿನ ಹೆಜ್ಜೆಯನ್ನು ಎಚ್ಚರದಿಂದ ಇಡಬೇಕು. ಬೆಳ್ಳೂರಿನ ಮಾತಿನ ಎರಡರ್ಥಗಳನ್ನು ಒಟ್ಟಿಗೆ ಹಿಡಿದರೆ, ಅಲ್ಲಿನ ಬಲಿ ಋಣವನ್ನು ತೀರಿಸದೆ ವಾಯಿದೆ ಪಡೆಯುತ್ತದೆ ಎಂದು ನನಗೆ ತೋರುತ್ತದೆ. ಬಡ್ಡಿ ಕಟ್ಟಿ ಅಸಲನ್ನು ಹಾಗೆಯೇ ಉಳಿಸಿಕೊಂಡಂತೆ, ಆಡನ್ನು ಕೊಟ್ಟ ಪ್ರತಿ ವರ್ಷವೂ ಆಳಿನ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಇದು ಸರಿಯಾದರೆ, ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯ ಬೆಳ್ಳೂರಿಗೆ ನೇರವಾಗಿ ತಾಗುತ್ತದೆ. ವರ್ಷವರ್ಷವೂ ಮರಳುವ ಬಲಿ ತಾನು ತೀರಿಸದ್ದನ್ನು ತಾನೇ ನೆನಪಿಸುತ್ತದೆ ಎಂಬುದು ಆ ಅಧ್ಯಾಯದ ವಾದ. ಅದರ ಎದುರು ಅದು ಇಡುವುದು ಒಂದೇ ಸಲದ ಅರ್ಪಣೆಯನ್ನು. ಕೊಡಗಿನ ಕಥನಕ್ಕೂ ಕ್ರೈಸ್ತ ಸಿದ್ಧಾಂತಕ್ಕೂ ನಿಜವಾದ ಸಂವಾದ ಸಾಧ್ಯವಿದ್ದುದು ಈ ಬಿಂದುವಿನಲ್ಲಿ. ಪಾಪ ಹೊರುವ ಹೋತದ ಹೋಲಿಕೆ ಅದನ್ನು ಮರೆಮಾಡಿತು.

ಈ ಓದಿಗೆ ಮಿತಿಗಳಿವೆ. ಕಥನಗಳು ನಮಗೆ ತಲುಪಿರುವುದು ಮಿಶನರಿಯ ಲೇಖನಿಯ ಮೂಲಕ. ಊನವಿಲ್ಲದ ಹೋತ ಎಂಬ ವಿಶೇಷಣ ವಿಮೋಚನಕಾಂಡದ ಪಸ್ಕದ ಮರಿಯ ವಿವರಣೆಯನ್ನು ನೆನಪಿಸುತ್ತದೆ. ಅದು ಹೇಳಿದವರ ಮಾತೋ ಬರೆದವರ ಮಾತೋ ಎಂದು ಬಿಡಿಸುವುದು ಕಷ್ಟ. ದ್ವಂದ್ವಾರ್ಥದ ಪ್ರಸಂಗ ರೂಢಿಯಲ್ಲಿದ್ದ ಆಡಿನ ಬಲಿಗೆ ಆಮೇಲೆ ಹುಟ್ಟಿದ ಸಮಜಾಯಿಷಿಯೂ ಇರಬಹುದು. ಹಾಗಿದ್ದರೆ ನರಬಲಿಯ ಚಾರಿತ್ರಿಕತೆಗೆ ಅದು ಸಾಕ್ಷಿಯಾಗುವುದಿಲ್ಲ, ಈ ಲೇಖನಕ್ಕೆ ಆ ಸಾಕ್ಷಿ ಬೇಕಾಗಿಯೂ ಇಲ್ಲ. ಬದಲಿಯನ್ನು ಊರು ಹೇಗೆ ಅರ್ಥಮಾಡಿಕೊಂಡಿತು ಎಂಬುದಕ್ಕೆ ಸಮಜಾಯಿಷಿಯೂ ಆಧಾರವೇ. ಇನ್ನೊಂದು ಆಕ್ಷೇಪ ಎಂ. ಎನ್. ಶ್ರೀನಿವಾಸ್ ಅವರ ಕಡೆಯಿಂದ ಬರಬಹುದು. 1952ರಲ್ಲಿ ಕೊಡವರ ಕುರಿತ ಗ್ರಂಥದಲ್ಲಿ ಅವರು ಮಂಡಿಸಿದ ಸಂಸ್ಕೃತೀಕರಣದ ಪರಿಕಲ್ಪನೆಯಿಂದ ರಕ್ತಬಲಿ ಹಿಂದೆ ಸರಿದದ್ದನ್ನು ವಿವರಿಸಬಹುದು. ಆದರೆ ಇಲ್ಲಿ ರಕ್ತ ನಿಂತಿಲ್ಲ, ಬಲಿಯಾಗುವ ಜೀವ ಬದಲಾಗಿದೆ. ಆ ಬದಲಾವಣೆಯನ್ನು ವಿವರಿಸಲು ಬದಲಿಯ ತರ್ಕವನ್ನೇ ನೋಡಬೇಕಾಗುತ್ತದೆ.

5. ಕಿಟೆಲ್ ಮತ್ತು ಉಳಿದ ಪ್ರಶ್ನೆಗಳು

ಇದೇ ಕಾಲದಲ್ಲಿ ಫರ್ಡಿನಾಂಡ್ ಕಿಟೆಲ್ ಯಜ್ಞದ ವಿಷಯವಾಗಿ 'ಯಜ್ಞಸುಧಾನಿಧಿ'ಯನ್ನು ಹೊರತಂದರು (1872). ವೈದಿಕ ಯಜ್ಞದ ಕಲ್ಪನೆಯನ್ನು ಕ್ರಿಸ್ತನ ಅರ್ಪಣೆಯ ಎದುರಿಗಿಟ್ಟು ನೋಡುವುದು ಅದರ ದಾರಿ. ಮರುವರ್ಷ ಮಡಿಕೇರಿಯಿಂದ ಅವರು ಕೊಡಗಿನ ದೈವ, ಕಾರಣವ, ಬಲಿಗಳ ಬಗ್ಗೆ 'ಇಂಡಿಯನ್ ಆಂಟಿಕ್ವೆರಿ'ಗೆ ಲೇಖನ ಬರೆದರು. ಒಂದೇ ಲೇಖನಿಯಿಂದ ಬಂದ ಈ ಎರಡರಲ್ಲಿ ಮೊದಲನೆಯದು ದೈವಶಾಸ್ತ್ರದ ಕಪಾಟಿಗೂ ಎರಡನೆಯದು ಜನಾಂಗಶೋಧನೆಯ ಕಪಾಟಿಗೂ ಸೇರಿದವು. ವೇದದ ಯಜ್ಞ ಸಿದ್ಧಾಂತಕ್ಕೆ ಯೋಗ್ಯ, ನಾಡಿನ ಬಲಿ ಮೂಢನಂಬಿಕೆ ಎಂಬ ವಿಂಗಡಣೆ ಇದರ ಹಿಂದಿರಬಹುದು. ಕಿಟೆಲ್ ಒಬ್ಬರ ಮೇಲೆ ಇದನ್ನು ಹೊರಿಸುವುದು ನ್ಯಾಯವಲ್ಲ. ಅವರ ಕಾಲದ ಪಾಂಡಿತ್ಯವೇ ಸಂಸ್ಕೃತದತ್ತ ಮುಖಮಾಡಿತ್ತು.

ತೀರ್ಮಾನ ಇಷ್ಟೇ: ರಿಕ್ಟರ್ ಕೊಟ್ಟ ಹೆಸರನ್ನು ಕೈಬಿಡಬೇಕು, ಈ ಕಥನಗಳನ್ನು ಪಾಪನಿವಾರಣೆಯ ವರ್ಗದಿಂದ ತೆಗೆದು ಋಣ ಮತ್ತು ವಾಯಿದೆಯ ವರ್ಗದಲ್ಲಿಟ್ಟು ಓದಬೇಕು. ಆನಂದಪುರದ ಪ್ರಸಂಗಪೀಠದಲ್ಲಿ ಇಂಥ ಕಥೆಗಳು ಬಳಕೆಯಾದುವೇ ಎಂಬುದು ಬಾಸೆಲ್‌ನಲ್ಲಿರುವ ಮಿಶನ್ ದಾಖಲೆಗಳನ್ನು ಈ ದೃಷ್ಟಿಯಿಂದ ಓದಿದ ಮೇಲೆ ಹೇಳಬೇಕಾದ ಮಾತು. ಅದಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿದೆ. ಬೆಳ್ಳೂರಿನ ಕಥನ ಸರದಿಯನ್ನು ಮನೆಗಳ ಲೆಕ್ಕದಲ್ಲಿ ಹೇಳುತ್ತದೆ. ಆ ಮನೆಗಳ ಜಮ್ಮಾ ಗದ್ದೆಗಳಲ್ಲಿ ದುಡಿದವರು ಅದರೊಳಗೆ ಎಲ್ಲಿದ್ದರು ಎಂಬುದನ್ನು ಹೇಳುವುದಿಲ್ಲ. ಆನಂದಪುರದ ಸಭೆ ಕಟ್ಟಿದವರು ಅಂಥ ದುಡಿಯುವ ಜನ. ಅವರಿಗೆ ಬದಲಿಯ ಮಾತು ಹೇಗೆ ಕೇಳಿಸಿತು ಎಂಬುದು ಗೊತ್ತಾಗುವವರೆಗೆ ಇಲ್ಲಿನ ವಾದವನ್ನು ಅರ್ಧವೆಂದೇ ಎಣಿಸಬೇಕು.